ಚಳಿಗಾಲದ ಕಿರುಪ್ರವಾಸ: ಮೊದಲು ಹಿಂದಿರುಗುವ ಗಾಡಿಯನ್ನು ನೋಡಿ

ಓದುಗರ ಪತ್ರ

"ನಮ್ಮ ಮನೆಯಲ್ಲಿ ಕಾರಿಲ್ಲ. ಎಪ್ಪತ್ತು ದಾಟಿದ ತಾಯಿ, ಶಾಲೆಗೆ ಹೋಗುವ ಮಗಳು ಇಬ್ಬರನ್ನೂ ಕರೆದುಕೊಂಡು ಚಳಿಗಾಲದಲ್ಲಿ ಒಂದು ದಿನದ ಮಟ್ಟಿಗೋ ಎರಡು ಮೂರು ದಿನಗಳ ಮಟ್ಟಿಗೋ ಹೊರಗೆ ಹೋಗಿಬರಬೇಕೆಂಬ ಆಸೆ. ಹಿಂದಿನ ಚಳಿಗಾಲದಲ್ಲಿ ಬಸ್ಸಿನಲ್ಲಿ ಒಂದು ಸರೋವರದ ದಂಡೆಗೆ ಹೋದೆವು. ಬೇಗ ಕತ್ತಲಾಯಿತು, ಕೊನೆಯ ಬಸ್ಸು ನಾವು ತಿಳಿದಿದ್ದಕ್ಕಿಂತ ಮೊದಲೇ ಹೊರಟುಹೋಗಿತ್ತು, ಟ್ಯಾಕ್ಸಿಗೆ ಕೊಟ್ಟ ಹಣ ಆ ದಿನದ ಉಳಿದೆಲ್ಲ ಖರ್ಚನ್ನು ಮೀರಿಸಿತು. ಕಾರಿಲ್ಲದವರಿಗೆ, ಕೈಯಲ್ಲಿ ಹೆಚ್ಚು ಹಣವಿಲ್ಲದವರಿಗೆ ಚಳಿಗಾಲದ ಪ್ರವಾಸ ಆಗದ ಮಾತೇ? ಆಗುವುದಾದರೆ ಎಲ್ಲಿಂದ ಶುರು ಮಾಡಬೇಕು?"

ಸಂಪಾದಕರ ಉತ್ತರ

ಮಾನ್ಯರೇ,

ಖಂಡಿತ ಆಗುವ ಮಾತು. ದಿನಗಳನ್ನು ನೋಡಿ ಆರಿಸಿಕೊಂಡರೆ ಬೇಸಿಗೆಗಿಂತ ಕಡಿಮೆ ಖರ್ಚಿನಲ್ಲಿಯೇ ಆಗುವ ಮಾತು. ಆದರೆ ಅದಕ್ಕಾಗಿ ನಾವು ಪ್ರವಾಸವನ್ನು ಯೋಚಿಸುವ ಕ್ರಮವನ್ನು ತಿರುಗಿಸಿಕೊಳ್ಳಬೇಕಾಗುತ್ತದೆ. ಸಾಮಾನ್ಯವಾಗಿ ಎಲ್ಲರೂ ಮೊದಲು ಊರನ್ನು ಆರಿಸುತ್ತಾರೆ, ಅನಂತರ ಕೋಣೆಯನ್ನು ಕಾದಿರಿಸುತ್ತಾರೆ, ಆಮೇಲೆ ಹೋಗುವ ಟಿಕೆಟ್ಟು, ಎಲ್ಲಕ್ಕೂ ಕೊನೆಯಲ್ಲಿ ಹಿಂದಿರುಗುವ ದಾರಿ. ಸ್ವಂತ ವಾಹನವಿದ್ದವರಿಗೆ ಈ ಕ್ರಮದಿಂದ ತೊಂದರೆಯಿಲ್ಲ. ಬಸ್ಸು ರೈಲುಗಳನ್ನೇ ನಂಬಿದವರು ಚಳಿಗಾಲದಲ್ಲಿ ಮೊದಲು ದಿನಾಂಕವನ್ನು, ಅದರ ಬೆನ್ನಿಗೇ ಆ ದಿನ ಹಿಂದಿರುಗುವ ಗಾಡಿಯನ್ನು ಗೊತ್ತುಮಾಡಿಕೊಂಡು, ಆ ಎರಡರ ನಡುವೆ ಯಾವ ಊರು ನೆಮ್ಮದಿಯಾಗಿ ಹಿಡಿಸುತ್ತದೆಯೋ ಅದನ್ನು ಆರಿಸುವುದು ಒಳ್ಳೆಯದು. ನೀವು ಯಾವ ದೇಶದಿಂದ ಬರೆದಿದ್ದೀರೆಂದು ಪತ್ರದಲ್ಲಿ ಹೇಳಿಲ್ಲವಾದ್ದರಿಂದ ಬೇರೆ ಬೇರೆ ಕಡೆಯ ಉದಾಹರಣೆಗಳನ್ನು ಕೊಡುತ್ತೇನೆ.

ನಿಮಗೆ ಒದಗಿದ ಟ್ಯಾಕ್ಸಿಯ ಪ್ರಸಂಗದಿಂದಲೇ ತೊಡಗುವೆ. ಸರೋವರ, ಕಡಲತೀರ, ಬೆಟ್ಟದ ತಪ್ಪಲು ಇಂತಹ ಕಡೆಗೆ ಹೋಗುವ ಎಷ್ಟೋ ಬಸ್ಸುಗಳು ಬೇಸಿಗೆಯ ಪ್ರವಾಸಿಗರಿಗಾಗಿಯೇ ಓಡುವಂಥವು. ಋತು ಮುಗಿದೊಡನೆ ಅವುಗಳ ಸಂಖ್ಯೆ ಇಳಿಯುತ್ತದೆ, ಸಂಜೆಯ ಗಾಡಿ ಮೊದಲು ನಿಲ್ಲುತ್ತದೆ. ಭಾನುವಾರಕ್ಕೆ ಬೇರೆ ಪಟ್ಟಿ, ಹಬ್ಬದ ದಿನಕ್ಕೆ ಮತ್ತೊಂದು. ಆದ್ದರಿಂದ "ಭಾನುವಾರದ ಬಸ್ಸು" ಎಂದು ಹುಡುಕದೆ, ನೀವು ಹೊರಡುವ ಆ ದಿನಾಂಕವನ್ನೇ ನಮೂದಿಸಿ ವೇಳಾಪಟ್ಟಿಯನ್ನು ನೋಡಬೇಕು. ಯೂರೋಪಿನ ರೈಲುಗಳ ವಾರ್ಷಿಕ ವೇಳಾಪಟ್ಟಿ ಡಿಸೆಂಬರಿನ ಎರಡನೆಯ ಶನಿವಾರದ ಮಧ್ಯರಾತ್ರಿಗೆ ಬದಲಾಗುತ್ತದೆ. ನವೆಂಬರಿನಲ್ಲಿ ಬರೆದಿಟ್ಟುಕೊಂಡ ಸಮಯವನ್ನು ಕ್ರಿಸ್‌ಮಸ್ ವಾರದಲ್ಲಿ ನಂಬಿಕೊಂಡು ಹೊರಟವರು ನಿಲ್ದಾಣದಲ್ಲಿ ನಿಂತುಬಿಡುವ ಸಂಭವವಿದೆ. ಬ್ರಿಟನ್ನಿನಲ್ಲಿ ಡಿಸೆಂಬರ್ 25ರಂದು ಬಹುತೇಕ ಯಾವ ರೈಲೂ ಓಡುವುದಿಲ್ಲ, ಲಂಡನ್ನಿನ ಸುರಂಗ ರೈಲೂ ಇರುವುದಿಲ್ಲ. ಹಬ್ಬದ ರಜೆಯಲ್ಲಿ ಜನಸಂಚಾರ ಕಡಿಮೆಯೆಂದು ಹಳಿಗಳ ದೊಡ್ಡ ದುರಸ್ತಿಯನ್ನು ಅಲ್ಲಿ ಆಗಲೇ ಕೈಗೆತ್ತಿಕೊಳ್ಳುತ್ತಾರೆ, ಆ ದಿನಗಳಲ್ಲಿ ರೈಲಿನ ಬದಲು ಬಸ್ಸು ಬರಬಹುದು. ಇಷ್ಟನ್ನೂ ನೋಡಿಕೊಂಡ ಮೇಲೆ ಒಂದು ನಿಯಮವನ್ನು ಬಿಡದೆ ಪಾಲಿಸಿ: ಕೊನೆಯ ಗಾಡಿಗೆ ಅಲ್ಲ, ಅದರ ಹಿಂದಿನ ಗಾಡಿಗೆ ಹೊರಡಿ. ಕೊನೆಯದು ಆಪತ್ತಿಗಾಗಿ ಉಳಿದಿರಲಿ. ಅಂತಹ ಎರಡು ಗಾಡಿಗಳು ಇಲ್ಲದ ಊರಿಗೆ ತಾಯಿಯವರನ್ನೂ ಮಗುವನ್ನೂ ಕರೆದುಕೊಂಡು ಹೋಗಬೇಡಿ, ಆ ಊರು ಎಷ್ಟೇ ಚೆಲುವಾಗಿರಲಿ.

ಇನ್ನು ಹಗಲಿನ ವಿಷಯ. ಇದನ್ನು ಪ್ರವಾಸದ ಲೇಖನಗಳು ಮೇಲುಮೇಲೆ ಹೇಳಿ ಮುಗಿಸಿಬಿಡುತ್ತವೆ, ಆದರೆ ಚಳಿಗಾಲದ ಒಂದು ದಿನದ ಪ್ರವಾಸ ಫಲಿಸುವುದೂ ಕೆಡುವುದೂ ಇಲ್ಲಿಯೇ. ಹೆಲ್ಸಿಂಕಿಯಲ್ಲಿ ಅತಿ ಚಿಕ್ಕ ಹಗಲು ಆರು ಗಂಟೆಯನ್ನೂ ತುಂಬುವುದಿಲ್ಲ. ಎಡಿನ್‌ಬರೋದಲ್ಲಿ ಸುಮಾರು ಏಳು ಗಂಟೆ. ಸಮಭಾಜಕದ ಹತ್ತಿರ ಬಂದಂತೆ ವ್ಯತ್ಯಾಸ ಕರಗುತ್ತದೆ. ಉತ್ತರಾರ್ಧದಲ್ಲಿ ಅತಿ ಚಿಕ್ಕ ಹಗಲು ಡಿಸೆಂಬರ್ 21 ಅಥವಾ 22 ಎಂಬುದು ಎಲ್ಲರಿಗೂ ಗೊತ್ತು; ಆದರೆ ಅತಿ ಬೇಗ ಸೂರ್ಯ ಮುಳುಗುವುದು ಆ ದಿನವಲ್ಲ ಎಂಬುದು ಪ್ರಯಾಣಿಕರಿಗೆ ಬಹಳ ಉಪಯುಕ್ತವಾದ ಸಂಗತಿ. ಭೂಮಿಯ ಕಕ್ಷೆ ಪೂರ್ಣ ವೃತ್ತವಲ್ಲದಿರುವುದರಿಂದಲೂ ಅದರ ಅಕ್ಷ ವಾಲಿರುವುದರಿಂದಲೂ ಡಿಸೆಂಬರಿನಲ್ಲಿ ನಡುಹಗಲು ಗಡಿಯಾರದ ಲೆಕ್ಕದಲ್ಲಿ ದಿನದಿಂದ ದಿನಕ್ಕೆ ಸ್ವಲ್ಪ ತಡವಾಗುತ್ತ ಹೋಗುತ್ತದೆ. ಹೀಗಾಗಿ ಲಂಡನ್ನಿನಂತಹ ಅಕ್ಷಾಂಶದಲ್ಲಿ ಸಂಜೆ ಬೇಗ ಕವಿಯುವುದು ಡಿಸೆಂಬರಿನ ಎರಡನೆಯ ವಾರದಲ್ಲಿ, ಬೆಳಗು ತಡವಾಗುವುದು ವರ್ಷದ ಕೊನೆಯ ಹೊತ್ತಿಗೆ. ಅಲ್ಲಿ ಡಿಸೆಂಬರಿನ ಮಧ್ಯದಲ್ಲಿ ನಾಲ್ಕಕ್ಕೆ ಮೊದಲೇ ಮುಳುಗುವ ಸೂರ್ಯ ಜನವರಿಯ ಕೊನೆಯ ವಾರಕ್ಕೆ ನಾಲ್ಕೂವರೆಯನ್ನು ದಾಟುತ್ತಾನೆ. ಮಧ್ಯಾಹ್ನದ ತಿರುಗಾಟಕ್ಕೆ ಹೆಚ್ಚುವರಿಯಾಗಿ ಸಿಗುವ ಈ ಅರ್ಧ ಗಂಟೆಗೂ ಮೀರಿದ ಬೆಳಕು, ಬಸ್ಸು ಹಿಡಿಯಬೇಕಾದವರಿಗೆ ಚಿಕ್ಕ ಲಾಭವಲ್ಲ. ದಕ್ಷಿಣಾರ್ಧದಲ್ಲಿ ಚಳಿಗಾಲ ಜೂನ್‌ನಿಂದ ಆಗಸ್ಟ್‌ವರೆಗೆ ಎಂಬುದನ್ನಷ್ಟೇ ನೆನಪಿಡಿ.

ಈ ಲೆಕ್ಕದಿಂದ ದಿನದ ರೂಪ ತಾನಾಗಿಯೇ ತಿಳಿಯುತ್ತದೆ. ಕತ್ತಲಿರುವಾಗಲೇ ಹೊರಟು, ಬೆಳಕು ಮೂಡುವ ವೇಳೆಗೆ ತಲುಪಿ, ಬಯಲಲ್ಲಿ ನೋಡುವುದನ್ನೆಲ್ಲ ಮೊದಲು ಮುಗಿಸಿ, ಸೂರೊಂದರ ಕೆಳಗೆ ನೋಡುವುದನ್ನು ಸಂಜೆಗೆ ಇಟ್ಟುಕೊಳ್ಳಬೇಕು. ಕತ್ತಲೆಯ ಹೊತ್ತು ಸಹ ವ್ಯರ್ಥವಲ್ಲ: ಮ್ಯಾಡ್ರಿಡ್‌ನ ಪ್ರಾಡೋ ವಸ್ತುಸಂಗ್ರಹಾಲಯಕ್ಕೆ ದಿನದ ಕೊನೆಯ ಎರಡು ಗಂಟೆ ಪ್ರವೇಶ ಉಚಿತ. ಬುಡಾಪೆಸ್ಟ್‌ನಲ್ಲಿ 1913ರಲ್ಲಿ ತೆರೆದ ಸೇಚೆನಿ ಸ್ನಾನಗೃಹದ ಬಿಸಿನೀರಿನ ಬಯಲುಕೊಳ ಕೊರೆಯುವ ಚಳಿಯಲ್ಲಿ ಹೆಚ್ಚು ಸುಖ ಕೊಡುತ್ತದೆ, ಮತ್ತು 1896ರಿಂದ ಓಡುತ್ತಿರುವ ಅಲ್ಲಿನ ಮೊದಲ ಸುರಂಗ ರೈಲು ಅದರ ಬಾಗಿಲಿನ ಸಮೀಪಕ್ಕೇ ತಂದು ಇಳಿಸುತ್ತದೆ.

ಖರ್ಚು ಕಡಿಮೆಯಾಗುವುದು ಊರಿನಿಂದಲ್ಲ, ದಿನದಿಂದ. ಖಾಲಿ ಉಳಿದ ಕೋಣೆಯ ಒಂದು ರಾತ್ರಿಯನ್ನು ಮರುದಿನ ಮಾರಲಾಗುವುದಿಲ್ಲ. ಹಾಗಾಗಿ ಜನ ಬಾರದ ದಿನಗಳಲ್ಲಿ ಬಾಡಿಗೆ ಇಳಿಯುತ್ತದೆ. ಆದರೆ ಎಲ್ಲ ಊರಿಗೂ ಖಾಲಿ ದಿನ ಒಂದೇ ಅಲ್ಲ. ವ್ಯಾಪಾರ, ಕಚೇರಿ, ಸಮ್ಮೇಳನಗಳಿಂದ ಬದುಕುವ ನಗರಗಳಲ್ಲಿ ವಾರದ ನಡುವೆ ಕೋಣೆ ತುಟ್ಟಿ, ವಾರಾಂತ್ಯದಲ್ಲಿ ಅಗ್ಗ. ವಿಹಾರಕ್ಕೆಂದೇ ಜನ ಹೋಗುವ ಸ್ಥಳಗಳಲ್ಲಿ ಇದಕ್ಕೆ ತದ್ವಿರುದ್ಧ. ಮಗಳಿಗೆ ಶಾಲೆಯಿರುವುದರಿಂದ ನಿಮಗೆ ಸಿಗುವುದು ವಾರಾಂತ್ಯ. ಎಂದ ಮೇಲೆ ಮೊದಲ ಬಗೆಯ ನಗರವೇ ನಿಮಗೆ ಒಗ್ಗುತ್ತದೆ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರವನ್ನು ಬಿಟ್ಟುಬಿಡಿ. ಚೀನಾದಲ್ಲಿ ಅಲ್ಲಿನ ಚಾಂದ್ರಮಾನ ಹೊಸ ವರ್ಷದ ಸುತ್ತ 40 ದಿನ ಕೋಟಿಗಟ್ಟಲೆ ಜನ ಊರಿಗೆ ಹೋಗಿಬರುವ ಚುನ್ಯುನ್ ಕಾಲವೂ ಹಾಗೆಯೇ. ಜನವರಿಯ ಮೊದಲ ವಾರ ಕಳೆದ ಮೇಲೆ ಫೆಬ್ರವರಿಯ ಶಾಲಾ ರಜೆ ಬರುವವರೆಗಿನ ಅವಧಿ, ಹಿಮಕ್ರೀಡೆಯ ಊರುಗಳನ್ನು ಬಿಟ್ಟರೆ, ಯೂರೋಪಿನ ಹೆಚ್ಚಿನ ನಗರಗಳಲ್ಲಿ ಬಡವರ ಕಾಲವೆನ್ನಬಹುದು.

ಡಿಸೆಂಬರಿನ ಹಬ್ಬದ ಸಂತೆಗಳನ್ನು ನೋಡಲೇಬೇಕೆಂದಿದ್ದರೆ ಅದಕ್ಕೂ ದಾರಿಯಿದೆ. ಜರ್ಮನಿಯ ಡ್ರೆಸ್ಡೆನ್‌ನ ಸಂತೆ 1434ರಷ್ಟು ಹಳೆಯದು, ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನದು 1570ರದು. ಅಲ್ಲಿ ಅಡ್ಡಾಡುವುದಕ್ಕೆ ಹಣ ಕೊಡಬೇಕಿಲ್ಲ, ಹಣ ಹೋಗುವುದೆಲ್ಲ ಆ ಊರಿನಲ್ಲಿ ರಾತ್ರಿ ತಂಗುವುದಕ್ಕೆ. ಸಂತೆಯಿರುವ ಊರಿಗೆ ಹಗಲಿನ ಅತಿಥಿಯಾಗಿ ಹೋಗಿ, ಅದೇ ರೈಲು ಮಾರ್ಗದ ಬೇರೊಂದು ಊರಿನಲ್ಲಿ ಉಳಿದುಕೊಳ್ಳಿ. ಸ್ಟ್ರಾಸ್‌ಬರ್ಗ್‌ನ ಟ್ರಾಮ್ 2017ರಿಂದ ರೈನ್ ನದಿಯನ್ನು ದಾಟಿ ಜರ್ಮನಿಯ ಕೇಲ್ ಪಟ್ಟಣಕ್ಕೆ ಹೋಗುತ್ತದೆ. ನಕ್ಷೆಯನ್ನು ಬಿಡಿಸಿ ಇಂತಹ ನೆರೆಯೂರನ್ನು ಹುಡುಕುವ ಅರ್ಧ ಗಂಟೆಯ ಶ್ರಮ ಯಾವ ರಿಯಾಯಿತಿ ಕೂಪನ್ನಿಗಿಂತಲೂ ಹೆಚ್ಚು ಉಳಿಸುತ್ತದೆಂದು ನಾನು ದೃಢವಾಗಿ ನಂಬಿದ್ದೇನೆ.

ಟಿಕೆಟ್ಟುಗಳಲ್ಲಿ ಎರಡು ಬಗೆಯ ಅಗ್ಗವಿದೆ; ಅವೆರಡರ ವ್ಯತ್ಯಾಸವನ್ನು ಅರಿಯುವುದು ಮುಖ್ಯ. ಒಂದು, ವಾರಗಟ್ಟಲೆ ಮೊದಲೇ ಕೊಳ್ಳುವ ಮುಂಗಡ ಟಿಕೆಟ್ಟು. ಅದು ಅಗ್ಗ, ಆದರೆ ಒಂದೇ ಗಾಡಿಗೆ ಕಟ್ಟುಬಿದ್ದಿರುತ್ತದೆ. ಇನ್ನೊಂದು, ಯಾವ ಗಾಡಿಯನ್ನಾದರೂ ಹತ್ತಬಹುದಾದ ಪಾಸು. ಅದು ನಿಧಾನದ ಗಾಡಿಗಳಿಗೆ ಸೀಮಿತ, ಆದರೆ ಸ್ವತಂತ್ರ. ಜರ್ಮನಿಯ ಡಾಯ್ಚ್‌ಲಾಂಡ್ ಟಿಕೆಟ್ 2023ರ ಮೇ 1ರಂದು ತಿಂಗಳಿಗೆ 49 ಯೂರೋಗೆ ಆರಂಭವಾಗಿ 2025ರ ಜನವರಿಯಲ್ಲಿ 58ಕ್ಕೇರಿತು. ಬೆಲೆ ಏರಿದರೂ ದೇಶದ ಎಲ್ಲ ಸ್ಥಳೀಯ ಬಸ್ಸು, ಟ್ರಾಮ್, ಪ್ರಾದೇಶಿಕ ರೈಲುಗಳಿಗೆ ಅದೊಂದೇ ಸಾಕು. ಜಪಾನಿನಲ್ಲಿ 1982ರಿಂದ ಇರುವ "ಸೇಷುನ್ 18" ಟಿಕೆಟ್ ಚಳಿಗಾಲದ ರಜೆಯಲ್ಲಿಯೂ ಮಾರಾಟಕ್ಕೆ ಬರುತ್ತದೆ. ಹೆಸರಿನಲ್ಲಿ 18 ಇದ್ದರೂ ವಯಸ್ಸಿನ ನಿರ್ಬಂಧವಿಲ್ಲ. ಆದರೆ 2024ರ ಚಳಿಗಾಲದಿಂದ ಅದನ್ನು ಸತತ ದಿನಗಳಲ್ಲಿಯೇ ಬಳಸಬೇಕಾಗಿದೆ. ಇಂಗ್ಲೆಂಡಿನಲ್ಲಿ ಬಸ್ಸಿನ ಒಂದು ಪ್ರಯಾಣದ ದರಕ್ಕೆ 2023ರ ಜನವರಿಯಲ್ಲಿ 2 ಪೌಂಡಿನ ಮಿತಿ ಬಂದು, 2025ರ ಜನವರಿಯಿಂದ ಅದು 3 ಪೌಂಡ್ ಆಯಿತು. ಲಕ್ಸೆಂಬರ್ಗ್ ದೇಶವಂತೂ 2020ರಲ್ಲಿ ಸಾರ್ವಜನಿಕ ಸಾರಿಗೆಯನ್ನು ಎಲ್ಲರಿಗೂ ಉಚಿತಗೊಳಿಸಿತು, ರೈಲಿನ ಪ್ರಥಮ ದರ್ಜೆಗೆ ಮಾತ್ರ ಹಣ.

ಚಳಿಗಾಲದ ಕಿರುಪ್ರವಾಸಕ್ಕೆ ನಾನು ಎರಡನೆಯ ಬಗೆಯನ್ನೇ, ಅಂದರೆ ಯಾವ ಗಾಡಿಗೂ ಸಲ್ಲುವ ಪಾಸನ್ನೇ, ಒತ್ತಿ ಹೇಳುತ್ತೇನೆ. ಉತ್ತರ ಭಾರತದಲ್ಲಿ ಡಿಸೆಂಬರ್, ಜನವರಿಗಳ ದಟ್ಟ ಮಂಜಿನಲ್ಲಿ ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ. ಬೇರೆಡೆ ಹಿಮ, ಬಿರುಗಾಳಿ. ಎರಡು ಗಾಡಿಗಳಿಗೆ ಬೇರೆ ಬೇರೆಯಾಗಿ ಕೊಂಡ ಮುಂಗಡ ಟಿಕೆಟ್ಟುಗಳಿದ್ದು ಮೊದಲನೆಯದು ತಡವಾದರೆ, ಎರಡನೆಯದರ ಹಣವನ್ನು ಮರೆತುಬಿಡಬೇಕಾದೀತು. ಮುಂಗಡವನ್ನೇ ಕೊಳ್ಳುವುದಾದರೆ ಇಡೀ ದಾರಿಗೆ ಒಂದೇ ಟಿಕೆಟ್ಟಾಗಿರುವಂತೆ ನೋಡಿಕೊಳ್ಳಿ. ಯೂರೋಪಿಯನ್ ಒಕ್ಕೂಟದ ನಿಯಮದಂತೆ ರೈಲು 60 ನಿಮಿಷ ತಡವಾದರೆ ದರದ ಶೇಕಡ 25, 120 ನಿಮಿಷ ದಾಟಿದರೆ ಶೇಕಡ 50 ಪರಿಹಾರ ಸಿಗುತ್ತದೆ. 2023ರ ಜೂನ್‌ನಿಂದ ತೀವ್ರ ಹವಾಮಾನದ ಕಾರಣಕ್ಕೆ ಈ ಪರಿಹಾರವನ್ನು ಕೊಡಬೇಕಾಗಿಲ್ಲವಾದರೂ, ಹಣವನ್ನು ಹಿಂದಿರುಗಿಸುವ ಅಥವಾ ಬೇರೆ ದಾರಿಯಲ್ಲಿ ಮುಂದೆ ಕಳಿಸುವ ಹೊಣೆ ತಪ್ಪುವುದಿಲ್ಲ.

ತಂಗುವ ಜಾಗವನ್ನು ಆರಿಸುವಾಗ ಬಹಳ ಜನ ಗಮನಿಸದ ಸೌಲಭ್ಯವೊಂದಿದೆ. ಕೆಲವು ಪ್ರದೇಶಗಳಲ್ಲಿ ರಾತ್ರಿ ತಂಗಿದ ಅತಿಥಿಗೆ ಸ್ಥಳೀಯ ಬಸ್ಸು ರೈಲುಗಳ ಪಾಸನ್ನು ಬೇರೆ ಹಣವಿಲ್ಲದೆ ಕೊಡುತ್ತಾರೆ: ಜರ್ಮನಿಯ ಕಪ್ಪುಕಾಡು ಪ್ರದೇಶದ ಕೊನುಸ್ ಅತಿಥಿ ಕಾರ್ಡು, ಸ್ವಿಟ್ಜರ್ಲೆಂಡಿನ ಟಿಚಿನೋ ಟಿಕೆಟ್, ಜಿನೀವಾ ನಗರದ ಸಾರಿಗೆ ಕಾರ್ಡು ಈ ಬಗೆಯವು. ಸ್ವಿಟ್ಜರ್ಲೆಂಡ್ ತುಟ್ಟಿಯ ದೇಶವೇ ಆದರೂ, ಒಂದೇ ಊರಿನಲ್ಲಿ ನೆಲೆನಿಂತು ದಿನವೂ ಒಂದೊಂದು ದಿಕ್ಕಿಗೆ ಹೋಗಿಬರುವವರಿಗೆ ಇದರಿಂದ ಕೋಣೆಯ ಬಾಡಿಗೆಯೊಂದೇ ದೊಡ್ಡ ಖರ್ಚಾಗಿ ಉಳಿಯುತ್ತದೆ. ಕೋಣೆಯನ್ನು ಕಾದಿರಿಸುವ ಮುನ್ನ ಈ ಕಾರ್ಡು ಆ ತಂಗುದಾಣಕ್ಕೆ ಅನ್ವಯಿಸುತ್ತದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ.

ನೋಡುವುದೇನು ಎಂದು ನೀವು ಕೇಳಿಲ್ಲ. ಆದರೂ ಚಳಿಗಾಲಕ್ಕೇ ಮೀಸಲಾದವನ್ನು ಹೇಳದಿರಲಾರೆ. ಬೇಸಿಗೆಯ ಆಕರ್ಷಣೆಗಳನ್ನು ಚಳಿಯಲ್ಲಿ ನೋಡಹೋಗಿ ಮುಚ್ಚಿದ ಬಾಗಿಲು ಕಂಡು ಬೇಸರಪಡುವುದಕ್ಕಿಂತ ಹಕ್ಕಿಗಳನ್ನು ನೋಡಲು ಹೋಗಿ. ಭರತಪುರದ ಕೇವಲಾದೇವ್ ಉದ್ಯಾನ 1985ರಿಂದ ವಿಶ್ವ ಪರಂಪರೆಯ ತಾಣ. ದೂರದೇಶದ ಬಾತುಗಳು ಬರುವುದು ಚಳಿಗಾಲದಲ್ಲಿಯೇ, ಊರು ದೆಹಲಿ–ಮುಂಬಯಿ ರೈಲು ಮಾರ್ಗದಲ್ಲಿದೆ, ಉದ್ಯಾನದ ಒಳಗೆ ಸೈಕಲ್ ರಿಕ್ಷಾ ಸಿಗುತ್ತದೆ. ಇಂಗ್ಲೆಂಡಿನ ಬ್ರೈಟನ್ ಕಡಲಕಟ್ಟೆಯ ಮೇಲೆ ನವೆಂಬರಿನಿಂದ ಫೆಬ್ರವರಿವರೆಗೆ ಸಾವಿರಾರು ಸ್ಟಾರ್ಲಿಂಗ್ ಹಕ್ಕಿಗಳು ಸೂರ್ಯಾಸ್ತದ ಹೊತ್ತಿಗೆ ಗುಂಪುಗೂಡಿ ಸುತ್ತುತ್ತವೆ. ನಿಲ್ದಾಣದಿಂದ ನಡೆದೇ ಹೋಗಬಹುದು, ಲಂಡನ್ನಿನ ರೈಲುಗಳು ರಾತ್ರಿಯವರೆಗೂ ಇವೆ. ಜಪಾನಿನ ತದಾಮಿ ರೈಲು ಮಾರ್ಗದಲ್ಲಿ ಹಿಮ ತುಂಬಿದ ಕಣಿವೆಯನ್ನು ನೋಡಲು ಮೊದಲು ಹೇಳಿದ 18ರ ಟಿಕೆಟ್ಟೇ ಸಾಕು, ಆದರೆ ಆ ಇಡೀ ದಾರಿಯನ್ನು ಕ್ರಮಿಸುವ ಗಾಡಿಗಳು ದಿನಕ್ಕೆ ಕೆಲವೇ ಆದ್ದರಿಂದ ಅಲ್ಲಿ ವೇಳಾಪಟ್ಟಿಯೇ ಯಜಮಾನ.

ತಾಯಿಯವರ ಬಗ್ಗೆ ಎರಡು ಮಾತು. ಗಾಡಿ ಬದಲಿಸುವ ಕಡೆ ಐದು ನಿಮಿಷದ ಓಟಕ್ಕಿಂತ ಅರ್ಧ ಗಂಟೆಯ ಬಿಡುವು ಮೇಲು. ಆದರೆ ಅದು ಬಾಗಿಲು ಮುಚ್ಚಿದ, ಬೆಚ್ಚಗಿನ ನಿರೀಕ್ಷಣಾ ಕೊಠಡಿಯಿರುವ ದೊಡ್ಡ ನಿಲ್ದಾಣದಲ್ಲಿರಬೇಕು, ಗಾಳಿಗೆ ತೆರೆದ ಬಸ್ ತಂಗುದಾಣದಲ್ಲಲ್ಲ. ಹಿರಿಯರಿಗಿರುವ ರಿಯಾಯಿತಿಯ ಷರತ್ತನ್ನೂ ಓದಿಕೊಳ್ಳಿ: ಇಂಗ್ಲೆಂಡಿನ ನಿವಾಸಿ ಹಿರಿಯರಿಗೆ ಬಸ್ಸು ಉಚಿತವಾದರೂ ವಾರದ ದಿನಗಳಲ್ಲಿ ಆ ಸೌಲಭ್ಯದ ಖಾತರಿ ಬೆಳಿಗ್ಗೆ 9.30ರ ನಂತರವಷ್ಟೇ, ವಾರಾಂತ್ಯದಲ್ಲಿ ದಿನವಿಡೀ. ಬೆಳಕಿಗೆ ಮೊದಲೇ ಹೊರಡಬೇಕಾದ ಚಳಿಗಾಲದ ದಿನಕ್ಕೆ ಶನಿವಾರ ಒಪ್ಪುವುದು ಈ ಕಾರಣಕ್ಕೂ ಹೌದು. ನೀವಿರುವ ಊರನ್ನೂ ಬಿಡುವಿನ ವಾರಾಂತ್ಯಗಳನ್ನೂ ಬರೆದು ಕಳಿಸಿದರೆ, ಯಾವ ಮಾರ್ಗದಲ್ಲಿ ಸಂಜೆಗೆ ಎರಡು ಗಾಡಿಗಳಿವೆ ಎಂಬುದನ್ನು ನೋಡಿ ಮುಂದಿನ ಸಂಚಿಕೆಗೆ ಮೊದಲೇ ನಿಮಗೆ ತಿಳಿಸುತ್ತೇನೆ.

— ಸಂಪಾದಕ