ನಿವೃತ್ತಿಯ ಹಣಕ್ಕೆ ಆದಾಯ ತೆರಿಗೆ ಇದೆಯೇ?

ಬಾಗಲಕೋಟೆಯ ಸರ್ಕಾರಿ ಪ್ರೌಢಶಾಲೆಯಿಂದ ನಿವೃತ್ತರಾದ ತಮ್ಮ ತಂದೆಯವರಿಗೆ ಬಂದಿರುವ ಹಣಕ್ಕೆ ತೆರಿಗೆ ಕಟ್ಟಬೇಕೇ ಎಂದು ಕೇಳಿದ್ದೀರಿ. ರಾಜ್ಯ ಸರ್ಕಾರದ ನೌಕರರು ನಿವೃತ್ತಿಯಾದಾಗ ಒಂದೇ ಸಲಕ್ಕೆ ಪಡೆಯುವ ಗ್ರಾಚ್ಯುಟಿ, ಪಿಂಚಣಿಯ ಒಂದು ಭಾಗವನ್ನು ಪರಿವರ್ತಿಸಿಕೊಂಡು ಪಡೆಯುವ ಇಡಿಗಂಟು ಹಾಗೂ ಉಳಿದ ಗಳಿಕೆ ರಜೆಯ ನಗದೀಕರಣಕ್ಕೆ ಪೂರ್ಣ ವಿನಾಯಿತಿ ಇದೆ. ಆದರೆ ಸೇವೆಯಲ್ಲಿದ್ದಾಗಲೇ ನಗದೀಕರಿಸಿಕೊಂಡ ರಜೆಯ ಹಣಕ್ಕೆ ಇದು ಅನ್ವಯಿಸುವುದಿಲ್ಲ; ಅನೇಕರು ಎಡವುವುದು ಇಲ್ಲಿಯೇ.

ತಿಂಗಳ ಪಿಂಚಣಿಯನ್ನು ಮಾತ್ರ ಕಾನೂನು ವೇತನವೆಂದೇ ಪರಿಗಣಿಸುತ್ತದೆ. ಅದರಲ್ಲಿ ಹೊಸ ತೆರಿಗೆ ಪದ್ಧತಿಯಂತೆ 75,000 ರೂಪಾಯಿ, ಹಳೆಯ ತೆರಿಗೆ ಪದ್ಧತಿಯಂತೆ 50,000 ರೂಪಾಯಿ ಪ್ರಮಾಣಿತ ಕಡಿತ (ಆದಾಯದಿಂದ ನೇರವಾಗಿ ಕಳೆಯುವ ನಿಗದಿತ ಮೊತ್ತ) ದೊರೆಯುತ್ತದೆ. 2025-26ನೇ ಹಣಕಾಸು ವರ್ಷದಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಒಟ್ಟು ಆದಾಯಕ್ಕೆ ರಿಯಾಯಿತಿ ಇರುವುದರಿಂದ, ಬೇರೆ ದೊಡ್ಡ ಆದಾಯವಿಲ್ಲದ ಬಹುಪಾಲು ನಿವೃತ್ತ ಶಿಕ್ಷಕರಿಗೆ ತೆರಿಗೆಯ ಹೊರೆ ಬೀಳಲಾರದು. ಆದರೂ ಗಂಟಿನ ಹಣವನ್ನು ಠೇವಣಿಯಿಟ್ಟರೆ ಬರುವ ಬಡ್ಡಿಯನ್ನು ಆದಾಯಕ್ಕೆ ಸೇರಿಸಲೇಬೇಕು ಮತ್ತು ರಿಟರ್ನ್ ಸಲ್ಲಿಸುವುದನ್ನು ದಯವಿಟ್ಟು ತಪ್ಪಿಸಬೇಡಿ.

ನಿಗಮ, ಮಂಡಳಿಗಳ ನೌಕರರ ಗ್ರಾಚ್ಯುಟಿ ಮತ್ತು ರಜೆ ನಗದೀಕರಣಕ್ಕೆ ಈ ಪೂರ್ಣ ವಿನಾಯಿತಿ ಇರುವುದಿಲ್ಲ. ಅವರ ರಜೆ ನಗದೀಕರಣಕ್ಕೆ ಗರಿಷ್ಠ 25 ಲಕ್ಷ ರೂಪಾಯಿಯ ಮಿತಿಯಿದೆ.