ಕೊಕ್ಕರೆ ರೋಗ ಎನ್ನುವ ಮೊದಲು ಹೇಂಟೆಯ ಹೊಟ್ಟೆ ಮುಟ್ಟಿ ನೋಡಿ

ಅಕ್ಕ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಮನೆಯಲ್ಲಿರುವುದು ಐದು ಕೋಳಿ. ಅದರಲ್ಲಿ ಎರಡು ವರ್ಷದ ಗಿರಿರಾಜ ಹೇಂಟೆ ಮಾತ್ರ ಶನಿವಾರದಿಂದ ಮೂಲೆ ಹಿಡಿದಿದೆ, ಪುಕ್ಕ ಕೆದರಿಕೊಂಡು ಕಣ್ಣು ಮುಚ್ಚುತ್ತಿದೆ, ಎಬ್ಬಿಸಿದರೆ ಬಾಲ ಇಳಿಬಿಟ್ಟು ಬಾತುಕೋಳಿಯಂತೆ ಕಾಲಗಲಿಸಿ ನಡೆಯುತ್ತದೆ. ಗುರುವಾರ ಚಿಪ್ಪಿಲ್ಲದ ತೊಗಲು ಮೊಟ್ಟೆ ಇಟ್ಟಿತ್ತು, ಆಮೇಲೆ ಮೊಟ್ಟೆಯೇ ಇಲ್ಲ. ಇದಕ್ಕೆ ಗುಂಪಿನಲ್ಲಿ ಬಂದ ಉತ್ತರಗಳಲ್ಲಿ ಹೆಚ್ಚಿನವು ‘ಕೊಕ್ಕರೆ ರೋಗ, ಉಳಿಯುವುದಿಲ್ಲ, ಇವತ್ತೇ ಕೊಯ್ದುಬಿಡಿ’ ಎನ್ನುತ್ತಿವೆ. ಒಬ್ಬರಂತೂ ಮನುಷ್ಯರ ಕ್ಯಾಪ್ಸೂಲನ್ನೇ ಬಿಚ್ಚಿ ನೀರಿಗೆ ಹಾಕಿ ಎಂದಿದ್ದಾರೆ. ಸ್ವಲ್ಪ ತಡೆಯಿರಿ.

ನಿಮ್ಮ ಬರಹದಲ್ಲಿ ನನ್ನ ಕಣ್ಣು ನಿಂತದ್ದು ಆ ತೊಗಲು ಮೊಟ್ಟೆಯ ಮೇಲೆ. ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಒಂದೇ ಹೇಂಟೆಯನ್ನು ಹಿಡಿದು ನಾಲ್ಕು ದಿನ ಸುಮ್ಮನೆ ಕೂರುವ ಜಾತಿಯದಲ್ಲ. ಒಂದು ಬಿದ್ದ ಬೆನ್ನಿಗೆ ಇನ್ನೊಂದು ಬೀಳುತ್ತದೆ. ಹಸಿರು ನೀರಿನಂಥ ಹಿಕ್ಕೆ, ಬಾಯಿ ತೆರೆದು ಏದುಸಿರು, ಉಳಿದದ್ದಕ್ಕೆ ಕತ್ತು ತಿರುಚಿಕೊಳ್ಳುವುದು, ಇವೆಲ್ಲ ಕಾಣಬೇಕಿತ್ತು. ನಿಮ್ಮ ಉಳಿದ ನಾಲ್ಕು ಕೋಳಿ ಅಂಗಳದಲ್ಲಿ ಕೆದಕುತ್ತಾ ಓಡಾಡುತ್ತಿವೆ ಎಂದಿದ್ದೀರಿ. ನನ್ನ ಅಂದಾಜು, ಈ ಹೇಂಟೆಗೆ ಮೊಟ್ಟೆ ಒಳಗೆ ಸಿಕ್ಕಿಕೊಂಡಿದೆ. ಆದರೆ ಮೊಬೈಲಿನಲ್ಲಿ ಓದಿ ಹೇಳುವುದು ಅಂದಾಜು ಮಾತ್ರ. ಕೈಯಿಂದ ಮುಟ್ಟಿ ನೋಡುವ ಕೆಲಸ ನಿಮ್ಮದೇ.

ಏನೇ ಆಗಲಿ, ಮೊದಲು ಅದನ್ನು ಬೇರೆ ಇಡಿ. ರೊಟ್ಟಿನ ಪೆಟ್ಟಿಗೆಯೋ ಹಳೆಯ ಬುಟ್ಟಿಯೋ ಸಾಕು, ಕೆಳಗೆ ಒಣ ಹುಲ್ಲು ಹಾಸಿ. ಸೊರಗಿದ ಕೋಳಿಯನ್ನು ಉಳಿದವು ಕುಕ್ಕಿ ಕುಕ್ಕಿಯೇ ಅರ್ಧ ಕೊಲ್ಲುತ್ತವೆ. ಕೋಳಿಯ ಮೈಬಿಸಿ ಸಹಜವಾಗಿಯೇ 41 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುವುದರಿಂದ ಮುಟ್ಟಿದಾಗ ಬಿಸಿಯಾಗಿದೆ, ಜ್ವರ ಇರಬೇಕು ಎಂದುಕೊಳ್ಳಬೇಡಿ. ಪುಕ್ಕ ಕೆದರಿಕೊಂಡಿದೆ ಎಂದರೆ ಅದಕ್ಕೆ ಚಳಿಯಾಗುತ್ತಿದೆ. ಈ ಮಳೆಗಾಲದಲ್ಲಿ ಬಚ್ಚಲ ಒಲೆಯ ಪಕ್ಕಕ್ಕಿಂತ ಒಳ್ಳೆಯ ಆಸ್ಪತ್ರೆ ನಮ್ಮ ಕಡೆಯ ಮನೆಗಳಲ್ಲಿ ಇನ್ನೊಂದಿಲ್ಲ. ಹೊಗೆ ಮಾತ್ರ ನೇರವಾಗಿ ತಾಗಬಾರದು.

ಎದೆಯ ಬಲಬದಿಯಲ್ಲಿ ಕಾಳಿನ ಚೀಲ ಉಬ್ಬಿದೆ ಎಂದು ಚಿತ್ರ ಹಾಕಿದ್ದೀರಿ. ಅದನ್ನು ತೆಗೆದದ್ದು ಸಂಜೆ, ಅದೂ ನೀವು ಬೆಳ್ಳುಳ್ಳಿ ಸೇರಿಸಿದ ಅನ್ನದ ಉಂಡೆಗಳನ್ನು ಒತ್ತಾಯದಿಂದ ನುಂಗಿಸಿದ ಮೇಲೆ. ಉಬ್ಬದೆ ಏನು ಮಾಡುತ್ತದೆ! ಆ ಚೀಲವನ್ನು ನೋಡುವ ಹೊತ್ತು ಬೆಳಗಿನ ಜಾವ, ಏನೂ ತಿನ್ನಿಸುವ ಮೊದಲು. ರಾತ್ರಿ ಕಳೆದು ಅದು ಖಾಲಿಯಾಗಿದ್ದರೆ ದಾರಿ ಸರಿಯಿದೆ. ಮುಂಜಾನೆಯೂ ಗಟ್ಟಿ ಉಂಡೆಯಂತೆ ಸಿಕ್ಕಿದರೆ ಉದ್ದ ಹುಲ್ಲೋ ತೆಂಗಿನ ನಾರೋ ಸುತ್ತಿಕೊಂಡಿದೆ. ನೀರು ತುಂಬಿದ ಬಲೂನಿನಂತಿದ್ದು ಬಾಯಿಂದ ಹುಳಿ ನಾತ ಬಂದರೆ ಒಳಗೆ ಬೂಸ್ಟು ಬೆಳೆದಿದೆ. ಆಗ ಕೆಲವರು ಹೇಳುವಂತೆ ಕೋಳಿಯನ್ನು ತಲೆಕೆಳಗಾಗಿ ಹಿಡಿದು ಹಿಂಡಬೇಡಿ, ಒಳಗಿನ ನೀರು ಶ್ವಾಸನಾಳಕ್ಕೆ ಹೋದರೆ ಮುಗಿಯಿತು.

ಅದು ನನಗೆ ಗೊತ್ತಾದದ್ದು ತಪ್ಪು ಮಾಡಿಯೇ. ಅಂಕೋಲೆಯ ನಮ್ಮ ಮನೆಯಲ್ಲಿ ಕಪ್ಪು ನಾಟಿ ಹೇಂಟೆಯೊಂದಿತ್ತು. ಕಾಳಿನ ಚೀಲ ಕಟ್ಟಿತ್ತು. ಯಾರೋ ಹೇಳಿದರೆಂದು ಕೊಕ್ಕು ಬಿಡಿಸಿ ಎರಡು ಚಮಚ ಕೊಬ್ಬರಿ ಎಣ್ಣೆ ಹೊಯ್ದೆ. ಕೋಳಿಯ ಉಸಿರಿನ ತೂತು ನಾಲಿಗೆಯ ಬುಡದಲ್ಲೇ ಇರುತ್ತದೆ, ಅದು ಆಗ ನನಗೆ ತಿಳಿದಿರಲಿಲ್ಲ. ಎರಡು ಸಲ ತಲೆ ಕೊಡವಿತು, ಮೂಗಿನಿಂದ ಎಣ್ಣೆಯ ಗುಳ್ಳೆ ಬಂತು, ನನ್ನ ಮಡಿಲಲ್ಲೇ ಕತ್ತು ಚೆಲ್ಲಿತು. ಕುಡಿಸಲೇಬೇಕೆಂದಿದ್ದರೆ ಕೊಕ್ಕಿನ ಅಂಚಿಗೆ ಒಂದೊಂದೇ ಹನಿ ತಾಗಿಸಿ, ಅದು ತಾನಾಗಿ ನುಂಗಲಿ.

ಈಗ ಮೊಟ್ಟೆಯ ವಿಷಯ. ಹೇಂಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಾಲದ ಕೆಳಗೆ ಕಾಲುಗಳ ನಡುವಿನ ಹೊಟ್ಟೆಯನ್ನು ಅಂಗೈಯಿಂದ ಮೆಲ್ಲಗೆ ಮುಟ್ಟಿ. ಹಿಂಡಬಾರದು. ಗಟ್ಟಿಯಾದ ಗುಂಡು ತಾಗುತ್ತದೆಯೇ? ಖಚಿತವಾಗದಿದ್ದರೆ ಕೈಗವಸು ಹಾಕಿಕೊಂಡು, ತೋರುಬೆರಳಿಗೆ ಕೊಬ್ಬರಿ ಎಣ್ಣೆ ಸವರಿ, ಮೊಟ್ಟೆ ಬರುವ ದ್ವಾರದಲ್ಲಿ ನೇರವಾಗಿ ಒಂದೂವರೆ, ಎರಡು ಇಂಚು ನೋಡಿ. ಕೊಬ್ಬರಿ ಎಣ್ಣೆ ಬಾಯಿಗಲ್ಲ, ಇಲ್ಲಿಗೆ. ಸಿಕ್ಕಿಕೊಂಡ ಮೊಟ್ಟೆ ಅಲ್ಲಿಯೇ ಬೆರಳಿಗೆ ಸಿಗುತ್ತದೆ. ಚಿಪ್ಪು ಕಟ್ಟದ ಮೊಟ್ಟೆಯಾದರೆ ಮೆತ್ತಗಿರುತ್ತದೆ, ತಿಳಿಯುವುದು ಕಷ್ಟ.

ಸಿಕ್ಕಿತೆಂದರೆ ಅಗಲವಾದ ಬೋಗುಣಿಯಲ್ಲಿ, ಮಗುವಿಗೆ ಮೀಯಿಸುವ ಹದದ ಬೆಚ್ಚಗಿನ ನೀರು ಹಾಕಿ, ಹೊಟ್ಟೆ ಮುಳುಗುವಷ್ಟು ಮಟ್ಟಕ್ಕೆ ಹೇಂಟೆಯನ್ನು ಕೂರಿಸಿ. ಹದಿನೈದು, ಇಪ್ಪತ್ತು ನಿಮಿಷ. ಮೊದಲು ಒದ್ದಾಡುತ್ತದೆ, ಆಮೇಲೆ ಕಣ್ಣು ಮುಚ್ಚಿ ನೀರಲ್ಲೇ ತೂಕಡಿಸುತ್ತದೆ. ತೆಗೆದ ಮೇಲೆ ಬಟ್ಟೆಯಿಂದ ಚೆನ್ನಾಗಿ ಒರೆಸಿ ಒಲೆಯ ಬಳಿ ಪೂರ್ತಿ ಒಣಗಿಸಬೇಕು. ಜುಲೈ ಗಾಳಿಗೆ ಒದ್ದೆ ಪುಕ್ಕ ಬಿಟ್ಟರೆ ಮೊಟ್ಟೆಗಿಂತ ಮೊದಲು ಚಳಿಯೇ ಕೊಲ್ಲುತ್ತದೆ. ಅರ್ಧ ಕ್ಯಾಲ್ಸಿಯಂ ಮಾತ್ರೆ, 500 ಮಿಲಿಗ್ರಾಂನದು, ಪುಡಿ ಮಾಡಿ ಬೆಲ್ಲದ ಚೂರಿನಲ್ಲಿ ಕಟ್ಟಿ ತಿನ್ನಿಸಿ. ಸ್ನಾಯು ಬಿಗಿದು ಮೊಟ್ಟೆ ತಳ್ಳಲು ಕ್ಯಾಲ್ಸಿಯಂ ಬೇಕು. ಎಲೆಗೆ ಹಚ್ಚುವ ಸುಣ್ಣವೂ ಅದೇ ಅಲ್ಲವೇ ಎಂದು ಅದನ್ನು ಕೊಡಬೇಡಿ, ಗಂಟಲು ಸುಡುತ್ತದೆ. ಆಮೇಲೆ ಕತ್ತಲೆಯಲ್ಲಿ ಬಿಡಿ, ಗಳಿಗೆಗೊಮ್ಮೆ ಹೋಗಿ ಇಣುಕಬೇಡಿ. ಹೋದ ವರ್ಷ ನಮ್ಮ ಕೆಂಪಿಗೆ ಹೀಗೆ ಮಾಡಿ ಗೋಣಿ ಮುಚ್ಚಿದ್ದೆ. ರಾತ್ರಿ ಊಟ ಮುಗಿಸಿ ಹೋಗಿ ನೋಡಿದರೆ ಹುಲ್ಲಿನ ಮೇಲೆ ಒರಟು ಚಿಪ್ಪಿನ, ಒಂದು ತುದಿಯಲ್ಲಿ ರಕ್ತದ ಗೆರೆಯಿದ್ದ ಮೊಟ್ಟೆ ಬಿದ್ದಿತ್ತು. ಕೆಂಪಿ ಅದರ ಪಕ್ಕದಲ್ಲಿ ನಿಂತು ನನ್ನ ಕೈ ಕುಕ್ಕಿದಳು. ಎರಡು ದಿನಗಳ ನಂತರ ಮೊದಲ ಸಲ.

ಒಳಗೇ ಮೊಟ್ಟೆ ಒಡೆಯಲು ಮಾತ್ರ ಹೋಗಬೇಡಿ. ಚಿಪ್ಪಿನ ಚೂರು ಕೊಯ್ದರೆ ಒಳಗೆ ಕೀವಾಗುತ್ತದೆ. ಸಂಜೆ ಇನ್ನೊಂದು ಸಲ ನೀರಿನಲ್ಲಿ ಕೂರಿಸಿ. ನಾಳೆ ಬೆಳಿಗ್ಗೆಯೂ ಹೊರಬರದಿದ್ದರೆ ಕುಮಟೆಯ ಪಶು ಆಸ್ಪತ್ರೆಗೆ ಒಯ್ಯಿರಿ, ಅಥವಾ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ ಕೇಳಿ. ಕೋಳಿಗೆ ಡಾಕ್ಟರೇ ಎಂದು ನಗುವವರು ನಗಲಿ. ಅಲ್ಲಿ ಕ್ಯಾಲ್ಸಿಯಂ ಚುಚ್ಚುಮದ್ದು ಕೊಡಬಲ್ಲರು, ಪ್ರತಿಜೀವಕ ಬೇಕೋ ಬೇಡವೋ ಅವರೇ ಹೇಳಲಿ. ಕೊಟ್ಟರೆ ಮೊಟ್ಟೆಯನ್ನು ಎಷ್ಟು ದಿನ ತಿನ್ನಬಾರದು ಎಂದು ಮರೆಯದೆ ಕೇಳಿ.

ಗುಂಡು ಸಿಗದೆ ಹೊಟ್ಟೆಯೇ ನೀರು ತುಂಬಿದ ಚೀಲದಂತೆ ಜೋಲುತ್ತಿದ್ದರೆ ಕತೆ ಬೇರೆ. ಮೊಟ್ಟೆಯ ಹಳದಿ ದಾರಿ ತಪ್ಪಿ ಹೊಟ್ಟೆಯೊಳಗೇ ಬಿದ್ದು ಕೊಳೆತಿರುತ್ತದೆ. ನಾನು ನೋಡಿದ ಮೂರರಲ್ಲಿ ಒಂದೂ ಉಳಿಯಲಿಲ್ಲ.

ಉಳಿದ ನಾಲ್ಕಕ್ಕೆ ಇದು ಬರಬಾರದು ಎಂದರೆ ಮೇವು ನೋಡಬೇಕು. ನೀವು ಕೊಡುವುದು ನುಚ್ಚು, ತೌಡು, ಮೀನಿನ ತಲೆ. ಒಂದು ಚಿಪ್ಪಿಗೆ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಬೇಕು, ಅದು ನುಚ್ಚಿನಲ್ಲಿ ಎಲ್ಲಿಂದ ಬರಬೇಕು? ಮೇಲಾಗಿ ಮಳೆಗಾಲದಲ್ಲಿ ಗೂಡಿನಲ್ಲೇ ಕೂತ ಕೋಳಿಗೆ ಬಿಸಿಲಿಲ್ಲ, ಬಿಸಿಲಿಲ್ಲದೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಅಘನಾಶಿನಿ ಹೊಳೆಯ ದಡದಲ್ಲಿ ಕೂತು ಪೇಟೆಯಿಂದ ಚಿಪ್ಪಿನ ಪುಡಿ ತರಿಸುವುದು ಬೇಡ. ಬಳಚು, ಅಂದರೆ ಚಿಪ್ಪುಮೀನು, ಸಾರು ಮಾಡಿದ ದಿನ ಚಿಪ್ಪುಗಳನ್ನು ತೊಳೆದು, ಒಲೆಯ ಮೇಲೆ ಒಣಗಿಸಿ, ಒರಳಲ್ಲಿ ಗೋಧಿ ನುಚ್ಚಿನಷ್ಟು ದಪ್ಪಕ್ಕೆ ಕುಟ್ಟಿ. ನುಣ್ಣಗಾದರೆ ಬೇಗ ಕರಗಿ ಹೋಗುತ್ತದೆ, ಚಿಪ್ಪು ಕಟ್ಟುವ ರಾತ್ರಿಯ ಹೊತ್ತಿಗೆ ಒಳಗೆ ಉಳಿಯುವುದಿಲ್ಲ. ಮೇವಿಗೆ ಬೆರೆಸದೆ ಬೇರೆ ಗೆರಟೆಯಲ್ಲಿಡಿ. ಬೇಕಾದ ಹೇಂಟೆ ತಾನೇ ತಿನ್ನುತ್ತದೆ. ಒಣಮೀನಿನ ಚೂರು ಹಾಕುವುದನ್ನು ನಿಲ್ಲಿಸಿ, ಆ ಉಪ್ಪು ಕೋಳಿಗೆ ವಿಷ. ಮುಗ್ಗಿದ ತೌಡೂ ಅಷ್ಟೇ, ತಿಪ್ಪೆಗೆ ಸುರಿಯಿರಿ.

ಕೊಕ್ಕರೆ ರೋಗದ ಹೆದರಿಕೆ ಸುಳ್ಳಲ್ಲ, ಈ ಸಲದ ರೋಗ ಅದಲ್ಲ ಎಂದೆನಷ್ಟೆ. ಅದಕ್ಕೆ ಮದ್ದಿಲ್ಲ, ಲಸಿಕೆಯಿದೆ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ತಿಂಗಳಾದಾಗ ಇನ್ನೊಮ್ಮೆ, ಎಂಟು ವಾರ ಕಳೆದ ಮೇಲೆ ಚುಚ್ಚುಮದ್ದು. ಸೀಸೆ ನೂರಾರು ಕೋಳಿಯ ಲೆಕ್ಕದಲ್ಲಿ ಬರುತ್ತದೆ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ಅಲ್ಲಿಯವರೆಗೆ ಐಸಿನಲ್ಲಿರಬೇಕು. ಆದ್ದರಿಂದ ಕೇರಿಯವರೆಲ್ಲ ಒಂದೇ ದಿನ ಗೊತ್ತು ಮಾಡಿಕೊಂಡರೆ ಆಗುವ ಕೆಲಸ. ಒಂದೇ ದಿನ ಮೂರು ನಾಲ್ಕು ಕೋಳಿ ಸತ್ತು ಜುಟ್ಟು ನೀಲಿಗಟ್ಟಿದ್ದು ಕಂಡರೆ ಕೊಯ್ದು ಸಾರು ಮಾಡದೆ ಪಶು ಆಸ್ಪತ್ರೆಗೆ ತಿಳಿಸಿ.

ಈಗ ನೀರು ಕಾಯಲು ಇಡಿ ಅಕ್ಕ. ರಾತ್ರಿ ಮೊಟ್ಟೆ ಬಂತೇ, ನಾಳೆ ಬೆಳಿಗ್ಗೆ ಕಾಳಿನ ಚೀಲ ಖಾಲಿಯಿತ್ತೇ, ಹಿಕ್ಕೆ ಯಾವ ಬಣ್ಣ, ಈ ಮೂರನ್ನು ಇಲ್ಲಿಯೇ ಬರೆಯಿರಿ.