ಸಿಹಾರಿ ತಪ್ಪು ಜಾಗದಲ್ಲಿ ಕೂತಿದೆಯೇ? ಫಾಂಟ್ ಬದಲಿಸಬೇಡಿ

ಹಳೆ ಫಾಂಟಿನ ಪಂಜಾಬಿ ಪುಸ್ತಕವನ್ನು ಯೂನಿಕೋಡಿಗೆ ತಂದ ಮೇಲೆ ಸಿಹಾರಿ (ಪಂಜಾಬಿಯ ಇಕಾರದ ಗುರುತು, ನಮ್ಮ ಗುಡಿಸು) ಅಲ್ಲಲ್ಲಿ ತಪ್ಪಾಗಿ ಕೂರುತ್ತಿದೆ, ಯಾವ ಫಾಂಟ್ ಹಾಕಿದರೆ ಸರಿಹೋಗುತ್ತದೆ ಅಂತ ಕೇಳಿದ್ದೀರಿ. ಯಾವುದನ್ನು ಹಾಕಿದರೂ ಸರಿಹೋಗುವುದಿಲ್ಲ. ನಾನೂ ಹೀಗೇ ಫಾಂಟ್ ಬದಲಿಸುತ್ತಾ ಕೂತಿದ್ದೆ.

ನನಗೆ ಬಂದದ್ದು ಅನ್ಮೋಲ್ ಲಿಪಿ ಎಂಬ ಹಳೆ ಪಂಜಾಬಿ ಫಾಂಟಿನಲ್ಲಿ ಟೈಪ್ ಮಾಡಿದ, ಗುರುಬಾಣಿಯ (ಸಿಖ್ಖರ ಪವಿತ್ರ ವಾಣಿಯ) ವಿವರಣೆಯ ಪುಸ್ತಕ. ಸಿಹಾರಿಯ ಉಚ್ಚಾರ ವ್ಯಂಜನದ ನಂತರ, ಬರೆಯುವುದು ಮಾತ್ರ ಅದರ ಎಡಗಡೆ. ಹಳೆ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲೇ ಒತ್ತುತ್ತಿದ್ದರು: ಮೊದಲು ಇಂಗ್ಲಿಷಿನ ಸಣ್ಣ ಐ ಕೀಲಿ, ಆಮೇಲೆ ವ್ಯಂಜನ. ಯೂನಿಕೋಡ್, ಭಾರತೀಯ ಲಿಪಿಗಳ ಹಳೆ ಸಂಕೇತ ಪದ್ಧತಿಯಾದ ಇಸ್ಕಿಯ ದಾರಿ ಹಿಡಿದು ಉಚ್ಚಾರದ ಕ್ರಮ ಇಟ್ಟುಕೊಂಡಿದೆ: ಮೊದಲು ವ್ಯಂಜನ, ನಂತರ ಸಿಹಾರಿ (ಅದರ ಸಂಕೇತ 0ಎ3ಎಫ್). ತೋರಿಸುವಾಗ ಮಾತ್ರ ಅದನ್ನು ಎಡಕ್ಕೆ ತರುತ್ತದೆ. ನಮ್ಮ ಹಳೆ ನುಡಿ ಕಡತಗಳಲ್ಲಿ ಅರ್ಕಾವತ್ತು ಅಕ್ಷರದ ನಂತರ ಇರುತ್ತಿತ್ತು, ಯೂನಿಕೋಡಿಗೆ ತರುವಾಗ ಆ ರಕಾರವನ್ನು ಅಕ್ಷರಕ್ಕಿಂತ ಮೊದಲು ಇಡಬೇಕು ಅಲ್ವಾ? ಇಲ್ಲಿ ಅದರ ಉಲ್ಟಾ.

ನಾನು ಬರೆದ ನಿಯಮ ಇಷ್ಟೇ: ಸಿಹಾರಿ ಕಂಡರೆ ಮುಂದಿನ ಒಂದು ಅಕ್ಷರದ ಆಚೆ ದಾಟಿಸು. ‘ಸಿಂಘ್’, ‘ಸಿಖ್’ ಪದಗಳಲ್ಲಿ ಪರೀಕ್ಷಿಸಿದೆ, ಎರಡೂ ಸರಿ ಬಂದವು. ಅವುಗಳಲ್ಲಿ ಬರುವ ಟಿಪ್ಪಿ (ಅನುನಾಸಿಕದ ಗುರುತು), ಅಧಕ್ (ಮುಂದಿನ ವ್ಯಂಜನವನ್ನು ಇಮ್ಮಡಿಸುವ ಗುರುತು) ಯೂನಿಕೋಡಿನಲ್ಲೂ ಸಿಹಾರಿಯ ನಂತರವೇ ಇರಬೇಕು, ಹಾಗಾಗಿ ಆ ಪದಗಳಲ್ಲಿ ತಪ್ಪು ಬೀಳುವ ಸಾಧ್ಯತೆಯೇ ಇರಲಿಲ್ಲ. ಅದು ಹೊಳೆಯದೆ ಇಡೀ ಪುಸ್ತಕದ ಮೇಲೆ ಓಡಿಸಿದೆ.

‘ಸಂಸ್ಕೃತ’ ಪದವನ್ನು ಪಂಜಾಬಿಯಲ್ಲಿ ‘ಸಂಸಕ್ರಿತ’ ಎಂದು ಬರೆಯುತ್ತಾರೆ. ಅಲ್ಲಿ ಕ ಕೆಳಗೆ ರ ಒತ್ತು ಇದೆ. ಹಳೆ ಕಡತದಲ್ಲಿ ಕ್ರಮ ಸಿಹಾರಿ, ಕ, ರ ಒತ್ತು. ನನ್ನ ನಿಯಮ ಅದನ್ನು ಕ, ಸಿಹಾರಿ, ರ ಒತ್ತು ಮಾಡಿತು. ಬೇಕಿದ್ದದ್ದು ಕ, ಹಲಂತ (ಒತ್ತು ಕೂಡಿಸುವ ಗುರುತು), ರ, ಕೊನೆಗೆ ಸಿಹಾರಿ. ಒಂದೇ ಅಕ್ಷರ ದಾಟಿದರೆ ಸಾಲದು, ಇಡೀ ಒತ್ತಕ್ಷರ ದಾಟಬೇಕು. ನುಕ್ತಾ (ಅಕ್ಷರದ ಕೆಳಗಿನ ಚುಕ್ಕಿ) ಬೇರೆ ಕೀಲಿಯಲ್ಲಿ ಬಂದಿದ್ದ ಕಡೆಯೂ ಇದೇ ಗತಿ: ಜ ಮತ್ತು ಅದರ ಚುಕ್ಕಿಯ ನಡುವೆ ಸಿಹಾರಿ ನುಗ್ಗಿತು. ಸಂಕೇತಗಳನ್ನು ಒಂದೇ ರೂಪಕ್ಕೆ ತರುವ ಯೂನಿಕೋಡಿನ ನಾರ್ಮಲೈಸೇಶನ್ ಇದನ್ನು ಸರಿಮಾಡುವುದಿಲ್ಲ, ಅದು ಸಿಹಾರಿಯನ್ನು ಅಲುಗಾಡಿಸುವುದೇ ಇಲ್ಲ.

ಇಷ್ಟರಲ್ಲಿ ಕಡತ ಕರಡು ತಿದ್ದುವವರ ಕೈಗೆ ಹೋಗಿತ್ತು. ಅವರು ಒಂದೊಂದೇ ತಪ್ಪನ್ನು, ಜೊತೆಗೆ ಟೈಪಿಂಗ್ ದೋಷಗಳನ್ನೂ, ನಾನು ಬದಲಿಸಿ ಕೊಟ್ಟ ಕಡತದಲ್ಲೇ ತಿದ್ದಿದರು. ಈಗ ಮೂಲದಿಂದ ಮತ್ತೆ ಓಡಿಸಿದರೆ ಅವರ ಶ್ರಮ ಹೋಗುತ್ತದೆ. ಓಡಿಸದಿದ್ದರೆ ಕಾಣದ ತಪ್ಪುಗಳು ಉಳಿಯುತ್ತವೆ. ಕಾಣದವೇ ಜಾಸ್ತಿ ಅಪಾಯ: ಹಳೆ ಫಾಂಟಿನಲ್ಲಿ ‘ಇ’ ಅಕ್ಷರವನ್ನು ಸಿಹಾರಿ ಮತ್ತು ‘ಈಡೀ’ (ಸ್ವರದ ಗುರುತನ್ನು ಹೊರುವ ಅಕ್ಷರ) ಸೇರಿಸಿ ಮಾಡುತ್ತಿದ್ದರು. ಹಾಗೇ ಬಿಟ್ಟರೆ ಕೆಲವು ಕಡೆ ಚುಕ್ಕಿಗಳ ಸೊನ್ನೆ ಬರುತ್ತದೆ, ಕೆಲವು ಕಡೆ ಸರಿಯಾಗೇ ಕಾಣುತ್ತದೆ. ಆದರೆ ‘ಇಕ’ ಅಂತ ಹುಡುಕಿದರೆ ಸಿಗುವುದಿಲ್ಲ. ಯೂನಿಕೋಡಿನಲ್ಲಿ ‘ಇ’ಗೆ ಅದರದೇ ಸಂಕೇತ ಇದೆ. ಕೊನೆಗೆ ಮೂಲದಿಂದಲೇ ಮಾಡಿದೆ, ಎರಡನೇ ಸಲ ಕರಡು ತಿದ್ದಿದ ಹಣ ನನ್ನ ಜೇಬಿನಿಂದ ಹೋಯಿತು.

‘ಕೈಯಲ್ಲೇ ತಿದ್ದಿಬಿಡಲಾ’ ಅಂತಲೂ ಕೇಳಿದ್ದೀರಿ. ದಯವಿಟ್ಟು ಬೇಡ. ಗುರುಬಾಣಿಯಲ್ಲಿ ಪದದ ಕೊನೆಯ ಸಿಹಾರಿ ಎಷ್ಟೋ ಸಲ ವಿಭಕ್ತಿ. ‘ಗುರು’ ಅಂದರೆ ಕರ್ತೃ, ‘ಗುರಿ’ ಅಂದರೆ ಗುರುವಿನಿಂದ. ಓದುವಾಗ ಅದನ್ನು ಬಿಡಿಸಿ ಉಚ್ಚರಿಸದೇ ಇರಬಹುದು, ಆದರೆ ಅರ್ಥ ಅದರ ಮೇಲೆ ನಿಂತಿದೆ. ಕಣ್ಣಂದಾಜಿನಲ್ಲಿ ಅದನ್ನು ಮುಟ್ಟುವ ಹಕ್ಕು ನಮಗಿಲ್ಲ.

ಮೂಲ ಕಡತಕ್ಕೆ ಹೋಗಿ. ಮೊದಲು ‘ಇ’ ಜೋಡಿಯನ್ನು ಬದಲಿಸಿ. ಆಮೇಲೆ ವ್ಯಂಜನ, ಅದರ ನುಕ್ತಾ, ಅದರ ಕೆಳಗಿನ ಹ, ರ, ವ ಒತ್ತು, ಇಷ್ಟನ್ನೂ ಸೇರಿಸಿ ಸಿಹಾರಿಯನ್ನು ದಾಟಿಸಿ. ನಂತರ ಹುಡುಕಿ: ಸಿಹಾರಿಯ ಬೆನ್ನಿಗೇ ಹಲಂತ ಅಥವಾ ನುಕ್ತಾ, ಪದದ ಮೊದಲಲ್ಲೇ ಸಿಹಾರಿ, ಈಡೀ ನಂತರ ಸಿಹಾರಿ. ಇವುಗಳಲ್ಲಿ ಒಂದಾದರೂ ಸಿಕ್ಕರೆ ಕಡತವನ್ನು ಯಾರಿಗೂ ಕೊಡಬೇಡಿ, ನಿಯಮ ತಿದ್ದಿ ಮತ್ತೆ ಮೂಲದಿಂದ ಓಡಿಸಿ.